ಅಕ್ಕನಿಗೊಂದು ಪತ್ರ: ಅವಳ ಜೊತೆ ಯಾರು ಹೋಗುತ್ತೀರಿ?

ಈ ಅಂಕಣಕ್ಕೆ ಬರೆಯುವವರಲ್ಲಿ ಹೆಚ್ಚಿನವರು ಮನೆಯಲ್ಲಿ ಪೆಟ್ಟು ತಿನ್ನುವ ಹೆಣ್ಣುಮಕ್ಕಳೇ. ಈ ತಿಂಗಳು ಅವರ ಅಕ್ಕಪಕ್ಕದವರು ಜಾಸ್ತಿ ಬರೆದಿದ್ದಾರೆ. ಅಂಗನವಾಡಿಯವರು, ಸಂಘದವರು, ಪಂಚಾಯಿತಿ ಸದಸ್ಯೆ, ಮಗಳನ್ನು ಮನೆಗೆ ಕರೆತಂದ ತಂದೆ. "ನಾವೇನು ಮಾಡಬಹುದು?" ಅಂತ ಕೇಳಿದ್ದಾರೆ. ಈ ಪ್ರಶ್ನೆಗಾಗಿ ನಾನು ಬಹಳ ವರ್ಷದಿಂದ ಕಾದಿದ್ದೆ. ಆದ್ದರಿಂದ ಈ ಸಲದ ಪುಟ ಹೆಚ್ಚುಕಮ್ಮಿ ಅವರಿಗೇ.

ಹೊಸದಾಗಿ ಓದುವವರಿಗೆ ನನ್ನ ಪರಿಚಯ ಸ್ವಲ್ಪ. ಹಳ್ಳಿ ಹೆಂಗಸರನ್ನು ಸಂಘಟಿಸಲು ಕೇಂದ್ರ ಸರ್ಕಾರ 1988ರಲ್ಲಿ ಶುರು ಮಾಡಿದ ಮಹಿಳಾ ಸಮಖ್ಯ ಕಾರ್ಯಕ್ರಮದಲ್ಲಿ ನಾನು ಸಹಯೋಗಿನಿಯಾಗಿದ್ದೆ. ಸುಮಾರು ಹತ್ತು ಹಳ್ಳಿಗೆ ಒಬ್ಬ ಸಹಯೋಗಿನಿ. ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಸಂಘದ ಹೆಂಗಸರ ಜೊತೆ ರಾತ್ರಿ ಕೂತು ಮಾತಾಡುವುದೇ ಕೆಲಸ. ಆಮೇಲೆ ಕಷ್ಟದಲ್ಲಿರುವ ಹೆಂಗಸರಿಗೆ ನೆರವಾಗುವ, ಒಂದು ತಾಲ್ಲೂಕಿನ ಸಾಂತ್ವನ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿದ್ದೆ.

ಈ ಎರಡೂ ಕೆಲಸದಲ್ಲಿ ನಾನು ಕಂಡದ್ದು ಇಷ್ಟು. ಕಾನೂನು ಇದೆ, ಅಧಿಕಾರಿ ಇದ್ದಾರೆ, ಸಹಾಯವಾಣಿ ಇದೆ. ಅವೆಲ್ಲ ಇರುವುದು ತಾಲ್ಲೂಕಿನಲ್ಲಿ, ಜಿಲ್ಲೆಯಲ್ಲಿ. ಪೆಟ್ಟು ಬೀಳುವುದು ಓಣಿಯ ಮನೆಯಲ್ಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 18ರಿಂದ 49 ವಯಸ್ಸಿನ, ಮದುವೆಯಾದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಇಡೀ ದೇಶದಲ್ಲಿ ಹೀಗೆ ಪೆಟ್ಟು ತಿಂದವರಲ್ಲಿ ಸಹಾಯ ಕೇಳಿದವರು ನೂರಕ್ಕೆ 14 ಮಂದಿ. ಕೇಳಿದವರೂ ಹೋದದ್ದು ತವರಿಗೆ, ನಂಬಿದ ನೆಂಟರ ಹತ್ತಿರ. ಪೊಲೀಸರವರೆಗೆ ಹೋದವರು ತೀರಾ ಕಡಿಮೆ. ಅಂದರೆ ಅವಳು ಮೊದಲು ಬಾಯಿಬಿಡುವುದು ನಿಮ್ಮಂಥವರ ಮುಂದೆ. ಮುಂದೆ ಏನಾಗುತ್ತದೆ ಎನ್ನುವುದು ನೀವು ಆಗ ಏನು ಹೇಳುತ್ತೀರಿ ಎನ್ನುವುದರ ಮೇಲೆ ನಿಂತಿದೆ.

ಪತ್ರಗಳಲ್ಲಿ ಗುರುತು ಸಿಗುವ ವಿವರಗಳನ್ನು ತೆಗೆದಿದ್ದೇನೆ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ನಮ್ಮ ಕೇಂದ್ರದ ಒಂದು ಮಗುವಿನ ತಾಯಿಯ ಕೈಮೇಲೆ ಆಗಾಗ ಬಾಸುಂಡೆ ಕಾಣುತ್ತದೆ. ಒಮ್ಮೆ ಕತ್ತಿನ ಮೇಲೂ ಕೆಂಪು ಗುರುತು ಇತ್ತು. ಕೇಳಿದರೆ "ಬಚ್ಚಲಲ್ಲಿ ಜಾರಿ ಬಿದ್ದೆ ಟೀಚರ್" ಅನ್ನುತ್ತಾಳೆ. ಅವಳೀಗ ಮತ್ತೆ ಬಸುರಿ. ಗಂಡ ಸಿಟ್ಟಿನ ಮನುಷ್ಯ. ನಾನು ಬಾಯಿ ಹಾಕಿದರೆ ನನ್ನ ಮೇಲೇ ಬರುತ್ತಾನೆ ಅಂತ ಹೆದರಿಕೆ. ದೂರು ಕೊಡಲಾ, ಸುಮ್ಮನಿರಲಾ?
– ಬಾಗಲಕೋಟೆ ಜಿಲ್ಲೆ

ಉತ್ತರ: ತಂಗಿ, ಸುಮ್ಮನಿರಬೇಡ. ಹಾಗಂತ ಇವತ್ತೇ ದೂರು ಕೊಡಲೂ ಓಡಬೇಡ. ಮೊದಲು ಅವಳ ಜೊತೆ ಒಂದು ಮಾತು ಆಗಬೇಕು.

ನಿನಗಿರುವ ಅನುಕೂಲ ಪೊಲೀಸರಿಗೂ ಇಲ್ಲ. ಅಂಗನವಾಡಿಗೆ ಹೋಗಿ ಬರುತ್ತೇನೆ ಅಂದರೆ ಯಾವ ಅತ್ತೆಯೂ ತಡೆಯುವುದಿಲ್ಲ. ಮಾತೃಪೂರ್ಣದ ಊಟಕ್ಕೆ ಬಸುರಿ, ಬಾಣಂತಿಯರು ದಿನಾ ಬರುತ್ತಾರೆ. ಮನೆಯವರ ಕಣ್ಣು ತಪ್ಪಿಸದೆ, ಸುಳ್ಳು ಹೇಳದೆ ಅವಳು ದಿನವೂ ಬರಬಹುದಾದ ಜಾಗ ನಿನ್ನದೊಂದೇ ಇರಬಹುದು. ಆ ಜಾಗ ಅವಳಿಗೆ ಉಳಿಯಬೇಕು. ನೀನು ಅವಸರ ಮಾಡಿ, ಗಂಡನಿಗೆ ಸುಳಿವು ಸಿಕ್ಕರೆ, ಅವನು ಮೊದಲು ನಿಲ್ಲಿಸುವುದು ಅಂಗನವಾಡಿಗೆ ಬರುವುದನ್ನೇ.

ತೂಕ ನೋಡುವ ದಿನ ಹತ್ತು ಜನ ಇದ್ದಾಗ ಕೇಳಬೇಡ. "ಗಂಡ ಹೊಡೀತಾನಾ?" ಅಂತ ನೇರವಾಗಿ ಕೇಳಿದರೆ ಅವಳು ಇಲ್ಲ ಅಂತಲೇ ಹೇಳುತ್ತಾಳೆ. ಊಟ ಮುಗಿದು ಎಲ್ಲರೂ ಹೋದ ಮೇಲೆ, ಪಾತ್ರೆ ಎತ್ತಿಡುತ್ತಾ ಹೇಳು: "ನಿನ್ನ ಕೈ ನೋಡಿದರ ನನಗ ಸಂಕಟ ಆಗ್ತದ. ಹೇಳಬೇಕು ಅನಿಸಿದಾಗ ಹೇಳು. ನಾ ಯಾರ ಮುಂದೂ ಆಡೂದಿಲ್ಲ." ಅಷ್ಟು ಸಾಕು. ಅವಳು ಅವತ್ತು ಏನೂ ಹೇಳದೆ ಹೋಗಬಹುದು. ತಿಂಗಳಾದ ಮೇಲೆ ಹೇಳಬಹುದು. ಹೇಳಿದಾಗ "ನೀ ಏನ್ ಮಾಡಿದ್ದಿ, ಅವ ಯಾಕ ಹೊಡದ?" ಎಂಬ ಮಾತು ಬಾಯಿಂದ ಬರಬಾರದು. "ಬಿಟ್ಟು ಬಂದುಬಿಡು" ಅಂತಲೂ ಹೇಳಬೇಡ. ಮೊದಲನೆಯದು ತಪ್ಪು ಅವಳದೇ ಅಂದಂತೆ. ಎರಡನೆಯದನ್ನು ಹೇಳುವುದು ಸುಲಭ, ಆದರೆ ಬಿಟ್ಟು ಬಂದರೆ ಆ ರಾತ್ರಿ ಎಲ್ಲಿ ಮಲಗುತ್ತಾಳೆ ಎಂಬ ಉತ್ತರ ನಮ್ಮ ಹತ್ತಿರ ಇರಬೇಕಲ್ವಾ?

ಕತ್ತಿನ ಗುರುತಿನ ವಿಷಯ ಬೇರೆ. ಅದನ್ನು ಓದಿ ನನಗೆ ಹೆದರಿಕೆ ಆಯಿತು. ಕತ್ತು ಹಿಸುಕುವ ಗಂಡ ಮುಂದೆ ಜೀವಕ್ಕೇ ಕೈ ಹಾಕಬಹುದು. ನನ್ನ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಅಪಾಯದ ಗುರುತು ಇರಲಿಲ್ಲ. ಹೊರಗೆ ಏನೂ ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು. ದನಿ ಕೂತಿದೆಯಾ, ನುಂಗಲು ಕಷ್ಟವಾ, ತಲೆ ಸುತ್ತುತ್ತದೆಯಾ ಕೇಳು. ಹೌದು ಅಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಯಲ್ಲಿ ಮಗು ಬೇರೆ ಇದೆ. ಆಶಾ ಕಾರ್ಯಕರ್ತೆ ಜೊತೆಗೆ ಹೋದರೆ ತಪಾಸಣೆ ಅಂತ ಹೇಳಿ ಹೊರಡಲು ದಾರಿಯಾಗುತ್ತದೆ.

ಆಸ್ಪತ್ರೆಯಲ್ಲಿ ಜಾರಿ ಬಿದ್ದೆ ಅನ್ನಬಾರದು. ಇದನ್ನು ಅವಳಿಗೆ ಮೊದಲೇ ತಿಳಿಸಿ ಹೇಳು. ಡಾಕ್ಟರ್ ಬರೆಯುವುದು ಅವಳು ಹೇಳಿದ್ದನ್ನೇ. "ಗಂಡ ಹೊಡೆದ" ಎಂದರೆ ಅದು ಎಂಎಲ್‌ಸಿ (ಪೊಲೀಸ್, ಕೋರ್ಟಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ) ಆಗಿ ದಾಖಲಾಗುತ್ತದೆ. ಎರಡು ವರ್ಷದ ನಂತರ ಕೋರ್ಟಿನಲ್ಲಿ ನಿಲ್ಲುವುದು ಆ ಹಾಳೆ. ಚೀಟಿಯ ಒಂದು ಪ್ರತಿ ನಿನ್ನ ಹತ್ತಿರ ಇರಲಿ, ಅವಳ ಮನೆಯಲ್ಲಿ ಬೇಡ.

ಇನ್ನು ನಿನ್ನ ಹೆದರಿಕೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 4ನೇ ಕಲಂ ನಿನ್ನಂಥವರಿಗಾಗಿಯೇ ಇದೆ. ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಒಳ್ಳೆಯ ಮನಸ್ಸಿನಿಂದ ಕೊಟ್ಟಿದ್ದರೆ ಅವರ ಮೇಲೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. ಆ ಸಂರಕ್ಷಣಾಧಿಕಾರಿ ಯಾರು? ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರಿಗೇ ಆ ಜವಾಬ್ದಾರಿ ಕೊಟ್ಟಿದ್ದಾರೆ. ನೀನು ತಿಂಗಳ ಸಭೆಗೆ ಹೋಗುವ ಕಚೇರಿಯೇ ಅದು! ಸಭೆ ಮುಗಿದ ಮೇಲೆ ಐದು ನಿಮಿಷ ಉಳಿದು ಮಾತಾಡು. ಅವಳ ಗಂಡನಿಗೆ ಬುದ್ಧಿ ಹೇಳಲು ನೀನು ಹೋಗಬೇಡ, ಅವನ ಮನೆ ಬಾಗಿಲಿಗೂ ಹೋಗಬೇಡ. ಸುದ್ದಿಯನ್ನು ರಿಜಿಸ್ಟರಿನಲ್ಲಿ ಬರೆಯಬೇಡ. ಅವಳು ಒಪ್ಪುವ ತನಕ ದೂರು ಬೇಡ, ಯಾಕಂದರೆ ದೂರು ಹೋದ ರಾತ್ರಿ ಅದೇ ಮನೆಯಲ್ಲಿ ಮಲಗುವವಳು ಅವಳು. ಜೀವಕ್ಕೆ ಅಪಾಯ ಕಂಡರೆ ಮಾತ್ರ ಒಪ್ಪಿಗೆಗೆ ಕಾಯದೆ ತುರ್ತು ನಂಬರ್ 112ಕ್ಕೆ ಫೋನ್ ಮಾಡು.

ಪ್ರಶ್ನೆ: ನಮ್ಮದು ಸ್ತ್ರೀಶಕ್ತಿ ಸಂಘ. ಹೋದ ವರ್ಷ ನಮ್ಮ ಸದಸ್ಯೆಯೊಬ್ಬಳು ಗಂಡನ ಕಾಟ ತಾಳದೆ ರಾತ್ರಿ ಮಕ್ಕಳನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಳು. ನಮಗೆ ಗೊತ್ತಾಗಿದ್ದು ಮರುದಿನ. ಎಲ್ಲರಿಗೂ ಬಹಳ ಬೇಜಾರಾಯಿತು. ಇನ್ನು ಮುಂದೆ ಹೀಗಾಗಬಾರದು. ಉಳಿತಾಯ, ಸಾಲ ಬಿಟ್ಟು ಬೇರೆ ಏನೂ ಗೊತ್ತಿಲ್ಲದ ನಾವು ಎಲ್ಲಿಂದ ಶುರು ಮಾಡಬೇಕು?
– ಹಾವೇರಿ ಜಿಲ್ಲೆ

ಉತ್ತರ: ತಾಯಂದಿರೇ, ಉಳಿತಾಯ, ಸಾಲ ಗೊತ್ತಿದೆ ಅಂದಿರಲ್ಲ, ಅರ್ಧ ಕೆಲಸ ಆದಂತೆಯೇ. ವಾರಕ್ಕೊಮ್ಮೆ ಸೇರುತ್ತೀರಿ. ಯಾರ ಕೈಯಲ್ಲಿ ದುಡ್ಡು ಇದೆ, ಯಾರ ಮನೆಯಲ್ಲಿ ಏನು ನಡೆದಿದೆ, ಎಲ್ಲ ನಿಮಗೆ ಗೊತ್ತು. ಹೊಸ ಸಂಸ್ಥೆ ಕಟ್ಟುವುದು ಬೇಡ, ಬೋರ್ಡ್ ಬೇಡ, ಮೆರವಣಿಗೆಯಂತೂ ಬೇಡ.

ಮೊದಲು ಒಂದು ಮನೆ ಗೊತ್ತು ಮಾಡಿ. ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಬಾಗಿಲು ತೆರೆಯುವ ಮನೆ. ಅಲ್ಲಿ ಗಂಡಸರು ಕಡಿಮೆ ಇದ್ದರೆ ಒಳ್ಳೆಯದು, ಒಬ್ಬ ಗಟ್ಟಿ ಮುದುಕಿ ಇದ್ದರೆ ಇನ್ನೂ ಒಳ್ಳೆಯದು. ಸಿಂದಗಿ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಸಂಘದವರು ಇದಕ್ಕೊಂದು ಉಪಾಯ ಮಾಡಿದ್ದರು. ರಾತ್ರಿ ಮಗು ಬಂದು "ಅವ್ವ ಹೆಪ್ಪು ಕೇಳ್ಯಾಳ" ಅಂದರೆ ಆ ಮನೆಯ ಅಜ್ಜಿ ಇಬ್ಬರು ಹೆಂಗಸರನ್ನು ಎಬ್ಬಿಸಿಕೊಂಡು ಹೆಪ್ಪಿನ ಬಟ್ಟಲು ಹಿಡಿದೇ ಹೋಗುತ್ತಿದ್ದಳು. ಜಗಳ ಬಿಡಿಸಲು ಬಂದೆವು ಅನ್ನುತ್ತಿರಲಿಲ್ಲ. ಅಡುಗೆಮನೆಯಲ್ಲಿ ಕೂತು ಮಾತು ಬೆಳೆಸುತ್ತಿದ್ದರು. ನಾಲ್ಕು ಜನರ ಮುಂದೆ ಅವನ ಕೈ ಏಳುತ್ತಿರಲಿಲ್ಲ. ನಡುರಾತ್ರಿ ಆದರೆ ಅವಳನ್ನು, ಮಕ್ಕಳನ್ನು ಕರೆದುಕೊಂಡೇ ಬರುತ್ತಿದ್ದರು. ನಿಮ್ಮ ಊರಿಗೆ ಯಾವ ಮಾತು ಸರಿಹೋಗುತ್ತದೆ ನೀವೇ ಆರಿಸಿ. ಒಂದು ಎಚ್ಚರ: ಅವನು ಕುಡಗೋಲು, ಕೊಡಲಿ ಹಿಡಿದಿದ್ದಾನೆ ಅಂದರೆ ನೀವು ಒಳಗೆ ಹೋಗಬಾರದು. 112 ಒತ್ತಿ, ಹೊರಗೆ ಜನ ಸೇರಿಸಿ.

ಎರಡನೆಯದು ಕಾಗದ. ಮನೆ ಬಿಟ್ಟು ಓಡಿ ಬಂದವಳ ಕೈಯಲ್ಲಿ ಮಗು ಇರುತ್ತದೆ, ಕಾಗದ ಇರುವುದಿಲ್ಲ. ಆಮೇಲೆ ಅವನು ಕೊಡುವುದಿಲ್ಲ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಆಸ್ಪತ್ರೆ ಚೀಟಿ, ಮದುವೆ ಕಾರ್ಡು, ಮದುವೆಯ ಒಂದು ಫೋಟೋ ಇವುಗಳ ಜೆರಾಕ್ಸ್ ಸಂಘದ ಪೆಟ್ಟಿಗೆಯಲ್ಲಿ ಇರಲಿ. ಎಲ್ಲ ಸದಸ್ಯರದ್ದೂ ಇರಲಿ. ಸಾಲಕ್ಕೆ ಬೇಕು ಅಂತ ಕೇಳಿದರೆ ಯಾವ ಗಂಡನಿಗೂ ಅನುಮಾನ ಬರುವುದಿಲ್ಲ, ಕಷ್ಟದಲ್ಲಿರುವ ಒಬ್ಬಳನ್ನು ಬೇರೆ ಮಾಡಿ ತೋರಿಸಿದಂತೆಯೂ ಆಗುವುದಿಲ್ಲ. ಮದುವೆ ಕಾರ್ಡನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಮದುವೆ ನೋಂದಣಿ ಆಗದ ಮನೆಗಳಲ್ಲಿ ಕೋರ್ಟಿಗೆ ತೋರಿಸಲು ಇರುವುದು ಅದೇ.

ದುಡ್ಡಿನ ವಿಷಯ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಗಂಡನ ಸಹಿ ಕೇಳದೆ, ಸಭೆಗೆ ಕಾಯದೆ ಕೊಡುವ ಒಂದು ಸಣ್ಣ ತುರ್ತು ನಿಧಿಯನ್ನು ಠರಾವಿನಲ್ಲಿ ಬರೆದಿಡಿ. ಇನ್ನೊಂದು ಮಾತು, ಇದು ಹೇಳಲು ಕಷ್ಟ, ಆದರೂ ಹೇಳುತ್ತೇನೆ. ಅವಳು ತವರಿಗೆ ಹೋದ ವಾರ ಕಂತು ಬಾಕಿ ಅಂತ ಅವಳ ಮನೆ ಮುಂದೆ ಹೋಗಿ ಕೂರಬೇಡಿ. ಕಂತಿನ ದುಡ್ಡಿಗಾಗಿಯೇ ಪೆಟ್ಟು ಬಿದ್ದ ಮನೆಗಳನ್ನು ನಾನು ನೋಡಿದ್ದೇನೆ. ಸಂಘದ ಹೆದರಿಕೆಗೆ ವಾಪಸ್ ಗಂಡನ ಮನೆಗೆ ಹೋದವರೂ ಇದ್ದಾರೆ.

ಈಗ ಎಲ್ಲಕ್ಕಿಂತ ದೊಡ್ಡ ಕೆಲಸ. ಜೊತೆಗೆ ಹೋಗುವುದು.

ತಾಲ್ಲೂಕು ಕೋರ್ಟಿನ ಮುಂದೆ ಒಂದು ದಿನ ನಿಂತು ನೋಡಿ. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಒಬ್ಬಳೇ ಬಂದಿರುತ್ತಾಳೆ. ಬೆಳಗ್ಗೆ ಬಂದವಳಿಗೆ ಮಧ್ಯಾಹ್ನದ ಮೇಲೆ ಮುಂದಿನ ವಾಯಿದೆ ಸಿಗುತ್ತದೆ. ಎದುರಿಗೆ ಗಂಡನ ಕಡೆಯವರು ಏಳೆಂಟು ಜನ ನಿಂತು ನೋಡುತ್ತಿರುತ್ತಾರೆ. ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಪ್ರಕಾರ ಅರ್ಜಿ ಹಾಕಿದ ಮೂರು ದಿನದೊಳಗೆ ಮೊದಲ ವಿಚಾರಣೆ ಆಗಬೇಕು, 60 ದಿನದಲ್ಲಿ ತೀರ್ಮಾನವಾಗಬೇಕು. ನಿಜದಲ್ಲಿ ಅದು ಬಹಳ ಸಲ ಎಳೆಯುತ್ತದೆ. ಆ ವಾಯಿದೆಗಳ ನಡುವೆ ಹೆಣ್ಣುಮಕ್ಕಳು ಸೋತು ಹೋಗುತ್ತಾರೆ. ಸಾಕ್ಷಿ ಇಲ್ಲದೆ ಸೋತವರಿಗಿಂತ ಜೊತೆ ಇಲ್ಲದೆ ಕೇಸು ಬಿಟ್ಟವರನ್ನೇ ನಾನು ಜಾಸ್ತಿ ಕಂಡಿದ್ದೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನ ಖರ್ಚು ತಪ್ಪಿದೆ. ಅವಳಿಗೂ ತಪ್ಪಿದೆ, ಜೊತೆಗೆ ಹೋಗುವ ನಿಮಗೂ ತಪ್ಪಿದೆ. ತಪ್ಪದೆ ಇರುವುದು ಅವತ್ತಿನ ಕೂಲಿ. ಸರದಿ ಹಾಕಿಕೊಳ್ಳಿ. ಹೋದವಳ ಅರ್ಧ ಕೂಲಿಯನ್ನಾದರೂ ಸಂಘ ಕೊಡಲಿ.

ಯಾವ ಕೇಸೂ ಬರುವ ಮುಂಚೆಯೇ ನಾಲ್ಕು ಜನ ಒಂದು ದಿನ ತಾಲ್ಲೂಕಿಗೆ ಹೋಗಿ ಬನ್ನಿ. ಸಿಡಿಪಿಒ ಕಚೇರಿ, ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿ, ಪೊಲೀಸ್ ಠಾಣೆಯ ಮಹಿಳಾ ಸಹಾಯ ಕೇಂದ್ರ. ಹೆಸರು ಕೇಳಿ, ಮುಖ ನೋಡಿ, ನಂಬರ್ ತನ್ನಿ. ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರ್ ಎಲ್ಲಿದೆ ತಿಳಿದುಕೊಳ್ಳಿ. ಅಲ್ಲಿ ಐದು ದಿನದವರೆಗೆ ಉಳಿಯಬಹುದು. ಚಿಕಿತ್ಸೆ, ಪೊಲೀಸ್, ವಕೀಲರ ನೆರವು ಒಂದೇ ಕಡೆ ಸಿಗಲಿ ಅಂತಲೇ ಅದನ್ನು ಮಾಡಿದ್ದು. ಗುರುತಿರುವ ಮುಖ ಬಂದಾಗ ಕಚೇರಿ ನಡೆದುಕೊಳ್ಳುವ ರೀತಿಯೇ ಬೇರೆ. ಇದು ಹೀಗಿರಬಾರದು, ಆದರೆ ಇದೆ.

ಕೊನೆಗೊಂದು ಪ್ರಶ್ನೆ ನಿಮಗೆ. ಹೊಡೆಯುವವನು ಸಂಘದ ಅಧ್ಯಕ್ಷೆಯ ಮಗನೇ ಆದರೆ? ಇದನ್ನು ಈಗಲೇ, ಯಾರ ಮನೆಯಲ್ಲೂ ಗಲಾಟೆ ಇಲ್ಲದಾಗ, ಕೂತು ಮಾತಾಡಿ ತೀರ್ಮಾನಿಸಿ. ಆಮೇಲೆ ಮಾತಾಡಲು ಆಗುವುದಿಲ್ಲ.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಗಂಡ ಹೆಂಡತಿ ಜಗಳ ಬಂದರೆ ಹಿರಿಯರು ರಾಜಿ ಪಂಚಾಯ್ತಿಗೆ ಕೂರುತ್ತಾರೆ. ಹೆಂಗಸು ಒಬ್ಬಳು ಇರಲಿ ಅಂತ ನನ್ನನ್ನೂ ಕರೆಯುತ್ತಾರೆ. ಕೊನೆಗೆ "ಇಬ್ಬರೂ ಹೊಂದಿಕೊಂಡು ಹೋಗಿ" ಅಂತ ಬರೆದು ಸಹಿ ಹಾಕಿಸುತ್ತಾರೆ. ಮೂರು ತಿಂಗಳಿಗೆ ಮತ್ತೆ ಅದೇ ಕಥೆ. ನಾನು ಹೋಗುವುದು ಸರಿಯಾ?
– ತುಮಕೂರು ಜಿಲ್ಲೆ

ಉತ್ತರ: ಹೋಗಿ ತಾಯಿ, ಆದರೆ ಸುಮ್ನೆ ಕೂತು ಬರಬೇಡಿ. ನೀವು ಹೋಗದಿದ್ದರೆ ಅಲ್ಲಿ ಅವಳ ಪರವಾಗಿ ಯಾರೂ ಇರುವುದಿಲ್ಲ.

"ಇಬ್ಬರೂ" ಎಂಬ ಮಾತಿಗೆ ಮೊದಲು ತಡೆ ಹಾಕಿ. ಒಬ್ಬ ಹೊಡೆದಿದ್ದಾನೆ, ಒಬ್ಬಳು ಪೆಟ್ಟು ತಿಂದಿದ್ದಾಳೆ. ಇಬ್ಬರೂ ತಿದ್ದಿಕೊಳ್ಳಿ ಅಂತ ಬರೆದರೆ ಅವಳೂ ತಪ್ಪಿತಸ್ಥೆ ಅಂತ ಪಂಚಾಯ್ತಿಯೇ ಒಪ್ಪಿದ ಹಾಗೆ. ನಾಳೆ ಅವಳು ಕೋರ್ಟಿಗೆ ಹೋದರೆ ಅವನ ವಕೀಲರು ತೋರಿಸುವುದು ಅದೇ ಹಾಳೆಯನ್ನು.

ನಿಮ್ಮ ಕೈಗೆ ಒಂದು ಆಧಾರ ಕೊಡುತ್ತೇನೆ. ಕೌಟುಂಬಿಕ ಹಿಂಸೆ ತಡೆ ಕಾಯ್ದೆಗೆ 2006ರಲ್ಲಿ ನಿಯಮಗಳು ಬಂದವು. ಅದರ 14ನೇ ನಿಯಮ ಸಮಾಲೋಚನೆ ಹೇಗೆ ನಡೆಯಬೇಕು ಅಂತ ಹೇಳುತ್ತದೆ. ಅಲ್ಲಿ ಗಂಡ ತನ್ನ ಹೊಡೆತಕ್ಕೆ ಕಾರಣ ಕೊಟ್ಟು ಸಮರ್ಥಿಸಿಕೊಳ್ಳುವಂತಿಲ್ಲ. ಸಾರಿಗೆ ಉಪ್ಪು ಜಾಸ್ತಿ ಇತ್ತು, ಎದುರು ಮಾತಾಡಿದಳು, ಫೋನ್ ಹಿಡಿದು ಕೂತಿರುತ್ತಾಳೆ, ಈ ಮಾತುಗಳಿಗೆ ಅಲ್ಲಿ ಜಾಗವೇ ಇಲ್ಲ. ಮತ್ತೆ ಕೈ ಎತ್ತುವುದಿಲ್ಲ ಎಂಬ ಭರವಸೆ ಪಡೆಯುವುದೇ ಸಮಾಲೋಚನೆಯ ಉದ್ದೇಶ. ಇದು ಕೋರ್ಟು ನೇಮಿಸಿದ ಸಮಾಲೋಚಕರಿಗೆ ಮಾಡಿದ ನಿಯಮ, ನಿಜ. ಅವರಿಗೇ ಹೀಗಿದ್ದ ಮೇಲೆ ಕಟ್ಟೆ ಮೇಲೆ ಕೂತ ಹಿರಿಯರಿಗೆ ಬೇರೆ ನ್ಯಾಯ ಯಾಕೆ? ಹೀಗೆ ಕೇಳಿ. ನೀವು ಆರಿಸಿ ಬಂದವರು, ಕೇಳುವ ಹಕ್ಕು ನಿಮಗಿದೆ.

ಅವಳನ್ನು ಮೊದಲು ಬೇರೆಯಾಗಿ ಕರೆದು ಮಾತಾಡಿ. ಅತ್ತೆ ಮಾವ, ಗಂಡ, ಊರ ಗೌಡರ ಮುಂದೆ ಅವಳು "ನನಗೇನೂ ತೊಂದರೆ ಇಲ್ಲ" ಅಂದರೆ ಅದನ್ನು ನಂಬಬೇಡಿ. ಬರೆಯುವುದೇ ಆದರೆ ಅವನಿಂದ ಮಾತ್ರ ಬರೆಸಿಕೊಳ್ಳಿ: ಹೊಡೆದದ್ದು ಹೌದು, ಯಾವತ್ತು, ಹೇಗೆ, ಇನ್ನು ಹೊಡೆಯುವುದಿಲ್ಲ. ಒಂದು ಪ್ರತಿ ಅವಳಿಗೆ ಕೊಡಿ. "ಇನ್ನು ಪೊಲೀಸರ ಹತ್ತಿರ ಹೋಗುವುದಿಲ್ಲ" ಅಂತ ಅವಳಿಂದ ಬರೆಸಿಕೊಳ್ಳಲು ಬಿಡಬೇಡಿ. ಹತ್ತು ದಿನ ಬಿಟ್ಟು, ಆಮೇಲೆ ತಿಂಗಳಿಗೊಮ್ಮೆ, ನೀವೇ ಅವಳನ್ನು ನೋಡಿ ಬನ್ನಿ. ಕತ್ತಿ, ಬೆಂಕಿ, ಕತ್ತು ಹಿಸುಕಿದ್ದು, ಸಾಯಿಸುತ್ತೇನೆ ಅಂದದ್ದು, ಇವುಗಳಲ್ಲಿ ಒಂದು ಇದ್ದರೂ ರಾಜಿಯ ಮಾತೇ ಬೇಡ. ಠಾಣೆಗೆ ಕರೆದುಕೊಂಡು ಹೋಗಿ.

ಪಂಚಾಯಿತಿಯ ಒಳಗೂ ನೀವು ಮಾಡಬಹುದಾದದ್ದು ಬಹಳ ಇದೆ. ಮಹಿಳಾ ಗ್ರಾಮಸಭೆಗೆ ಸಿಡಿಪಿಒ ಅವರನ್ನು ಕರೆಸಿ, ಸಂರಕ್ಷಣಾಧಿಕಾರಿ ಅಂತ ಹೆಂಗಸರಿಗೆ ಪರಿಚಯ ಮಾಡಿಸಿ. ಗೋಡೆಗಳ ಮೇಲೆ ಮಹಿಳಾ ಸಹಾಯವಾಣಿ 181, ತುರ್ತಿನ 112, ಉಚಿತ ಕಾನೂನು ನೆರವಿನ 15100 ಬರೆಸಿ. ಪಂಚಾಯಿತಿ ಕಚೇರಿಯ ಬಾಗಿಲಲ್ಲಿ ಅಷ್ಟೇ ಅಲ್ಲ, ಹೆಂಗಸರು ನೀರು ಹಿಡಿಯುವ ಕಡೆ, ಹಾಲಿನ ಡೈರಿಯ ಹತ್ತಿರ, ಆಸ್ಪತ್ರೆಯ ಹೆಂಗಸರ ಶೌಚಾಲಯದ ಒಳಗೆ ಬರೆಸಿ. ಅರಿವು ಕೇಂದ್ರದಲ್ಲಿ (ಪಂಚಾಯಿತಿ ಗ್ರಂಥಾಲಯ) ವಾರಕ್ಕೊಂದು ಮಧ್ಯಾಹ್ನ ಹೆಂಗಸರಿಗೆ ಮೀಸಲಿಟ್ಟರೆ ಮಾತಾಡಲು ಒಂದು ಜಾಗವಾಗುತ್ತದೆ. ವಸತಿ ಯೋಜನೆಯ ಮನೆ ಸಾಮಾನ್ಯವಾಗಿ ಹೆಂಗಸಿನ ಹೆಸರಿಗೇ ಮಂಜೂರಾಗುತ್ತದೆ. ಅದರ ಕಾಗದ ನಿಜವಾಗಿಯೂ ಅವಳ ಕೈಯಲ್ಲಿದೆಯಾ ವಿಚಾರಿಸಿ. "ನನ್ನ ಮನೆಯಿಂದ ಆಚೆ ಹೋಗು" ಅಂತ ಗಂಡ ಅಂದಾಗ ಆ ಕಾಗದ ಅವಳ ಬಲ.

ಪ್ರಶ್ನೆ: ಮಗಳು ಎರಡು ಮಕ್ಕಳ ಜೊತೆ ಮೂರನೇ ಸಲ ಬಂದಿದ್ದಾಳೆ. ಹಿಂದೆ ಎರಡು ಸಲ ಬುದ್ಧಿ ಹೇಳಿ ಕಳಿಸಿದೆವು. ಈ ಸಲ ಕೈ ಮುರಿದಿದೆ. ಚಿಕ್ಕವಳ ಮದುವೆಗೆ ತೊಂದರೆ ಆಗುತ್ತದೆ, ವಾಪಸ್ ಕಳಿಸು ಅಂತ ನೆಂಟರು ಹೇಳುತ್ತಾರೆ. ನನಗೆ ಮನಸ್ಸಿಲ್ಲ. ಅಳಿಯನ ಊರು ದೂರ, ಕೇಸು ಹಾಕಿದರೆ ಅಲ್ಲಿಗೆ ಅಲೆಯಬೇಕಾ? ಮಕ್ಕಳ ಶಾಲೆ ಏನು ಮಾಡುವುದು?
– ದಾವಣಗೆರೆ ಜಿಲ್ಲೆ

ಉತ್ತರ: ಅಣ್ಣಾ, ನಿಮಗೆ ಮನಸ್ಸಿಲ್ಲ ಅಂದಿರಿ. ಆ ಮಾತನ್ನು ಮಗಳ ಮುಂದೆ ಬಾಯಿಬಿಟ್ಟು ಹೇಳಿದಿರಾ? ಇವತ್ತೇ ಹೇಳಿ. "ನೀನಾಗಿ ಹೋಗ್ತೀನಿ ಅನ್ನೋ ತನಕ ಇದು ನಿನ್ನ ಮನೆ." ಅಪ್ಪನ ಬಾಯಿಂದ ಈ ಮಾತು ಕೇಳಬೇಕು ಅಂತ ಎಷ್ಟೋ ಹೆಣ್ಣುಮಕ್ಕಳು ಕಾದಿರುತ್ತಾರೆ.

ಅಲ್ಲಿಗೆ ಅಲೆಯಬೇಕಿಲ್ಲ. ಕೌಟುಂಬಿಕ ಹಿಂಸೆ ಕಾಯ್ದೆಯ ಅರ್ಜಿಯನ್ನು ಅವಳು ಈಗ ಎಲ್ಲಿದ್ದಾಳೋ ಅಲ್ಲಿಯ ಕೋರ್ಟಿನಲ್ಲೇ ಹಾಕಬಹುದು, ತಾತ್ಕಾಲಿಕವಾಗಿ ಇದ್ದರೂ ಸರಿ. ಗಂಡನ ಕ್ರೌರ್ಯದ ಮೇಲಿನ ಪೊಲೀಸ್ ದೂರಿಗೆ ಮೊದಲು ಭಾರತೀಯ ದಂಡ ಸಂಹಿತೆಯ 498ಎ ಕಲಂ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಗಂಡನ ಮನೆ ಬಿಟ್ಟು ಬಂದು ಆಸರೆ ಪಡೆದ ಊರಿನಲ್ಲೂ ಅದನ್ನು ದಾಖಲಿಸಬಹುದು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. "ಇದು ನಮ್ಮ ಠಾಣೆಗೆ ಬರಲ್ಲ" ಅಂದರೆ ಈ ಮಾತು ಹೇಳಿ. ದೂರಿನ ಸ್ವೀಕೃತಿ, ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ. ಕೈ ಮುರಿದ ಎಕ್ಸ್‌ರೇ ಜೋಪಾನ.

ಮಕ್ಕಳನ್ನು ನಿಮ್ಮ ಊರಿನ ಸರ್ಕಾರಿ ಶಾಲೆಗೆ ನಾಳೆಯೇ ಸೇರಿಸಿ. ಹಳೆ ಶಾಲೆಯ ಟಿಸಿ ತಡವಾಯಿತು ಅಂತ ದಾಖಲಾತಿ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿದೆ. ಮಕ್ಕಳನ್ನು ಯಾರು ಕರೆದುಕೊಂಡು ಹೋಗಬಹುದು ಅಂತ ಮುಖ್ಯ ಶಿಕ್ಷಕರಿಗೆ ಬರೆದುಕೊಡಿ.

ಚಿಕ್ಕವಳ ಮದುವೆಯ ಮಾತಿಗೆ ನನ್ನ ಉತ್ತರ ಕಡಕ್ಕಾಗಿದೆ. ಅಕ್ಕನ ಕೈ ಮುರಿದವನನ್ನು ಬಿಟ್ಟು ಅಕ್ಕನನ್ನೇ ತಪ್ಪು ಅನ್ನುವ ಮನೆಗೆ ತಂಗಿಯನ್ನು ಕೊಡಬೇಡಿ.

ಪ್ರಶ್ನೆ: ಅಕ್ಕಾ, ನನಗೆ ಗಂಡನನ್ನು ಜೈಲಿಗೆ ಹಾಕಿಸುವುದು ಬೇಡ, ಡೈವೋರ್ಸೂ ಬೇಡ. ಹೊಡೆಯುವುದು ನಿಲ್ಲಬೇಕು ಅಷ್ಟೇ. ಕುಡಿಯದೆ ಇದ್ದಾಗ ಒಳ್ಳೆಯವರೇ. ಗೃಹಲಕ್ಷ್ಮಿ ದುಡ್ಡು ಬಂದ ದಿನವೇ ಕಿತ್ತುಕೊಳ್ಳುತ್ತಾರೆ. ಪೊಲೀಸರ ಹತ್ತಿರ ಹೋಗದೆ ದಾರಿ ಇದೆಯಾ?
– ಊರು ಬೇಡ

ಉತ್ತರ: ಇದೆ ತಂಗಿ. ನೀನು ಕೇಳಿದ್ದು ತಪ್ಪಲ್ಲ, ಅತಿಯಾಸೆಯೂ ಅಲ್ಲ. 2005ರ ಕಾಯ್ದೆ ಮಾಡಿದ್ದೇ ಇದಕ್ಕೆ. ಅದು ಶಿಕ್ಷೆ ಕೊಡಿಸಲು ಅಲ್ಲ, ನಿನ್ನನ್ನು ಕಾಯಲು. ಡೈವೋರ್ಸ್ ಕೇಳಬೇಕಿಲ್ಲ, ಮನೆ ಬಿಡಬೇಕಿಲ್ಲ. ಆ ಮನೆ ಅವನ ಹೆಸರಲ್ಲಿ ಇರಲಿ, ಅತ್ತೆ ಮಾವನ ಹೆಸರಲ್ಲಿ ಇರಲಿ, ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ನಿನಗಿದೆ. ಹೊಡೆಯಬಾರದು ಅಂತ ಮ್ಯಾಜಿಸ್ಟ್ರೇಟರು ಆದೇಶ ಕೊಡುತ್ತಾರೆ. ತುರ್ತು ಇದ್ದರೆ ಅವನು ಕೋರ್ಟಿಗೆ ಬರುವ ಮುಂಚೆಯೇ ಮಧ್ಯಂತರ ಆದೇಶ ಕೊಡಬಹುದು. ಆ ಆದೇಶ ಮೀರಿದರೆ ಮಾತ್ರ ಅದು ಅಪರಾಧ: ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಸಿಡಿಪಿಒ ಕಚೇರಿಗೆ ಹೋಗಿ "ಕೌಟುಂಬಿಕ ಘಟನೆಯ ವರದಿ ಬರೆದುಕೊಳ್ಳಿ" ಅನ್ನು. ಬರೆದುಕೊಂಡು ಕೋರ್ಟಿಗೆ ಕಳಿಸುವುದು ಅವರ ಕೆಲಸ. ದುಡ್ಡು ಕಿತ್ತುಕೊಳ್ಳುವುದನ್ನೂ ಹೇಳು. ಕಾಯ್ದೆಯಲ್ಲಿ ಅದೂ ಹಿಂಸೆಯೇ. ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ.

ಕುಡಿತ ಬಿಡಿಸಲು ಮದ್ಯವರ್ಜನ ಶಿಬಿರಕ್ಕೆ ಕಳಿಸುವುದಾದರೆ ಕಳಿಸು. ಅದಾಗಲಿ ಅಂತ ಈ ಅರ್ಜಿಯನ್ನು ಮುಂದೆ ಹಾಕಬೇಡ. ಕುಡಿದಾಗ ಅವನು ಮೇಲಧಿಕಾರಿಗೆ, ಅಂಗಡಿಯವನಿಗೆ ಹೊಡೆದಿದ್ದಾನಾ? ನಿನಗೆ ಮಾತ್ರ ಹೊಡೆಯುತ್ತಾನೆ ಅಂದರೆ ಎಣ್ಣೆ ಬಿಟ್ಟ ಮೇಲೂ ಹೊಡೆಯಬಹುದು.

ಫೋನ್ ಅವನು ನೋಡುತ್ತಾನೆ ಅಂತಾದರೆ 181ಕ್ಕೆ ಬೇರೆಯವರ ಫೋನಿಂದ ಮಾಡು. ನಿನ್ನದರಿಂದಲೇ ಮಾಡಿದರೆ ಕರೆಯ ಪಟ್ಟಿಯಿಂದ ಅಳಿಸು. ನನಗೆ ಮತ್ತೆ ಬರೆ. ಉತ್ತರ ಪತ್ರಿಕೆಯಲ್ಲೇ ಕೊಡುತ್ತೇನೆ, ಮನೆಗೆ ಏನೂ ಕಳಿಸುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ, ಬ್ಯಾಚುಲರ್. ಪಕ್ಕದ ಮನೆಯಿಂದ ರಾತ್ರಿ ಹೊಡೆಯುವ, ಕಿರುಚುವ ಶಬ್ದ ಬರುತ್ತದೆ. ನಾನು ಮಧ್ಯೆ ಹೋದರೆ ತಪ್ಪು ತಿಳಿಯುತ್ತಾರೆ. ವಿಡಿಯೋ ಮಾಡಿ ಹಾಕಲಾ?
– ಬೆಂಗಳೂರು

ಉತ್ತರ: ವಿಡಿಯೋ ಹಾಕಬೇಡಪ್ಪ. ಅವಳ ಮಾನ ಹರಾಜಾಗುತ್ತದೆ, ಅವನ ಸಿಟ್ಟು ಅವಳ ಮೇಲೇ ತೀರುತ್ತದೆ. ಶಬ್ದ ಕೇಳಿದ ತಕ್ಷಣ 112ಕ್ಕೆ ಮಾಡಿ, ವಿಳಾಸ, ಮಹಡಿ ಸರಿಯಾಗಿ ಹೇಳು. ಅವರು ಬರುವ ತನಕ ಬೆಲ್ ಒತ್ತಿ "ನಿಮ್ಮಲ್ಲಿ ನೀರು ಬರ್ತಿದೆಯಾ?" ಅಂತಲೋ, "ಕರೆಂಟ್ ಇದೆಯಾ?" ಅಂತಲೋ ಕೇಳು. ಒಬ್ಬನೇ ಹೋಗಬೇಡ, ಕೆಳಗಿನ ಮನೆಯ ಆಂಟಿಯನ್ನೋ ಓನರ್ ಮನೆಯವರನ್ನೋ ಕರೆದುಕೋ. ತಾರೀಖು, ಹೊತ್ತು, ಕೇಳಿಸಿದ್ದು ಏನು ಅಂತ ಒಂದು ಕಡೆ ಬರೆದಿಡು. ಮುಂದೆ ಅವಳು ಕೇಸು ಹಾಕಿದರೆ ನೀನು ಸಾಕ್ಷಿ ಹೇಳಬಹುದು.

ನೀನು ಅವಳ ಜೊತೆ ನೇರವಾಗಿ ಮಾತಾಡುವುದಕ್ಕಿಂತ ಆ ಆಂಟಿ ಮಾತಾಡುವುದು ಒಳ್ಳೆಯದು. ಗಂಡ ಕೆಲಸಕ್ಕೆ ಹೋದ ಮೇಲೆ, ಮಹಡಿ ಮೇಲೆ ಬಟ್ಟೆ ಒಣಗಿಸುವಾಗ. 181 ನಂಬರನ್ನು ಬಾಯಲ್ಲೇ ಹೇಳಲಿ, ಚೀಟಿ ಬರೆದು ಕೊಡುವುದು ಬೇಡ.